ಎಂಎಲ್‌ಎಸ್ ತಂಡ ಪ್ರೀಮಿಯರ್ ಲೀಗ್‌ನಲ್ಲಿ ಆಡಿದರೆ ಎಲ್ಲಿ ನಿಲ್ಲುತ್ತದೆ?

ಮೆಸ್ಸಿ 2023ರಲ್ಲಿ ಇಂಟರ್ ಮಯಾಮಿ ಸೇರಿದಾಗಿನಿಂದ ಈ ಪ್ರಶ್ನೆ ತಪ್ಪಿದ್ದಲ್ಲ: ಅಮೆರಿಕದ ಫುಟ್‌ಬಾಲ್ ಲೀಗ್ ಮೇಜರ್ ಲೀಗ್ ಸಾಕರ್‌ನ (ಎಂಎಲ್‌ಎಸ್) ಒಂದು ಒಳ್ಳೆಯ ತಂಡವನ್ನು ಹಾಗೇ ಎತ್ತಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ಗೆ ತಂದರೆ ಎಷ್ಟನೇ ಸ್ಥಾನ ಬರಬಹುದು? ನನ್ನ ಪ್ರಕಾರ ಒಂದು ಪಂದ್ಯವಾದರೆ ಯಾರನ್ನಾದರೂ ಸೋಲಿಸಬಹುದು. 38 ಪಂದ್ಯ ಆಡಬೇಕೆಂದರೆ ಕೊನೆಯ ಮೂರರಲ್ಲಿ ಒಂದಾಗಿ ಕೆಳಗಿನ ಡಿವಿಷನ್‌ಗೆ ಹೋಗುತ್ತದೆ. ಕಾರಣ ಹುಡುಕಲು ಮೆಸ್ಸಿಯನ್ನು ನೋಡಿ ಪ್ರಯೋಜನವಿಲ್ಲ, ತಂಡದ ಒಂಬತ್ತನೇ ಆಟಗಾರನಿಂದ ಇಪ್ಪತ್ತನೆಯವನವರೆಗೆ ನೋಡಬೇಕು.

ಸ್ವಲ್ಪ ಲೆಕ್ಕ ಹಾಕೋಣ. 2025ರ ನಿಯಮದಂತೆ ಎಂಎಲ್‌ಎಸ್ ತಂಡವೊಂದರ 20 ಸೀನಿಯರ್ ಆಟಗಾರರ ಸಂಬಳದ ಬಜೆಟ್ 59.5 ಲಕ್ಷ ಡಾಲರ್. ಒಬ್ಬನ ಹೆಸರಿನಲ್ಲಿ ಆ ಬಜೆಟ್‌ನಿಂದ ಹೆಚ್ಚೆಂದರೆ 7,43,750 ಡಾಲರ್ ಕಳೆಯುತ್ತಾರೆ. ಮೂವರು ‘ಡೆಸಿಗ್ನೇಟೆಡ್ ಪ್ಲೇಯರ್’ಗಳಿಗೆ ಮಾಲೀಕ ಎಷ್ಟು ಬೇಕಾದರೂ ಕೊಡಬಹುದು, ಪುಸ್ತಕದಲ್ಲಿ ಬರೆಯುವುದು ಮಾತ್ರ ಅಷ್ಟೇ. 2007ರಲ್ಲಿ ಇಂಗ್ಲೆಂಡಿನ ತಾರೆ ಡೇವಿಡ್ ಬೆಕ್‌ಹ್ಯಾಮ್‌ಗಾಗಿ ತೆರೆದ ಬಾಗಿಲು ಇದು. ಮೆಸ್ಸಿಯ ವರ್ಷದ ಖಾತ್ರಿ ಸಂಬಳ ಎರಡು ಕೋಟಿ ಡಾಲರ್‌ಗಿಂತ ಹೆಚ್ಚು, ಬಜೆಟ್‌ನಲ್ಲಿ ಅವರೂ 7,43,750. ಇಂಥ ಮೂವರನ್ನು ಕಳೆದರೆ ಉಳಿದ 17 ಜನರಿಗೆ ಸಿಗುವುದು ಸುಮಾರು 37 ಲಕ್ಷ, ಅಂದರೆ ತಲೆಗೆ 2.2 ಲಕ್ಷ ಡಾಲರ್. ಬಜೆಟ್‌ಗೆ ಹೊರತಾಗಿ ಲೀಗ್ ಕೊಡುವ ‘ಅಲೊಕೇಷನ್’ ಹಣ ಸುರಿದು ಇನ್ನು ನಾಲ್ಕೈದು ಜನರನ್ನು ಮೇಲೆತ್ತಬಹುದು. ಬದಲಿ ಆಟಗಾರರ ಬೆಂಚ್ ಮಾತ್ರ ಬಡವಾಗಿಯೇ ಉಳಿಯುತ್ತದೆ.

ಇಂಗ್ಲೆಂಡಿನಲ್ಲಿ ಸಂಬಳಕ್ಕೆ ಇಂಥ ಮಿತಿ ಇಲ್ಲ. 2025–26ರವರೆಗೆ ಅಲ್ಲಿ ಲಗಾಮು ಹಾಕಿದ್ದು ನಷ್ಟಕ್ಕೆ: ಮೂರು ವರ್ಷದಲ್ಲಿ 10.5 ಕೋಟಿ ಪೌಂಡ್ ಮೀರುವಂತಿರಲಿಲ್ಲ. ಮೀರಿದ್ದಕ್ಕೆ 2023–24ರಲ್ಲಿ ಎವರ್ಟನ್ ಕ್ಲಬ್‌ಗೆ ಮೊದಲು 10 ಪಾಯಿಂಟ್ ಕಡಿತ, ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿದು, ಆಮೇಲೆ ಇನ್ನೊಂದು ಪ್ರಕರಣದಲ್ಲಿ ಮತ್ತೆ 2 ಹೋಯಿತು. ನಾಟಿಂಗ್‌ಹ್ಯಾಮ್ ಫಾರೆಸ್ಟ್ 4 ಕಳೆದುಕೊಂಡಿತು. ಇಷ್ಟಿದ್ದರೂ ಪಟ್ಟಿಯ ತಳದಲ್ಲಿರುವ ಕ್ಲಬ್‌ಗೂ ಲೀಗ್‌ನಿಂದ ವರ್ಷಕ್ಕೆ 10 ಕೋಟಿ ಪೌಂಡ್‌ಗಿಂತ ಹೆಚ್ಚು ಬರುತ್ತದೆ. ಹಾಗಾಗಿ ಅಲ್ಲಿ 70ನೇ ನಿಮಿಷದಲ್ಲಿ ಬದಲಿಯಾಗಿ ಇಳಿಯುವವನು ಎಷ್ಟೋ ಸಲ ತನ್ನ ದೇಶದ ತಂಡದ ಆಟಗಾರ.

ಮೈದಾನದಲ್ಲಿ ಇದು ಹೇಗೆ ಕಾಣುತ್ತದೆ? ಎಂಎಲ್‌ಎಸ್ ಕ್ಲಬ್‌ಗಳು ದೊಡ್ಡ ಸಂಬಳವನ್ನು ಸಾಮಾನ್ಯವಾಗಿ ಮುಂದಿನ ಸಾಲಿಗೆ ಸುರಿಯುತ್ತವೆ. ಟಿಕೆಟ್ ಮಾರುವುದು ಗೋಲು ತಾನೇ. ರಕ್ಷಣೆಯ ನಡುವೆ ನಿಲ್ಲುವ ಸೆಂಟರ್ ಬ್ಯಾಕ್, ಅಂಚುಗಳನ್ನು ಕಾಯುವ ಫುಲ್ ಬ್ಯಾಕ್‌ಗಳು ಉಳಿದ ಹಣದಲ್ಲಿ ಬಂದವರು. ಗೋಲ್‌ಕೀಪರ್ ಸಣ್ಣ ಪಾಸ್‌ಗಳಿಂದ ಹಿಂದಿನಿಂದ ಆಟ ಕಟ್ಟಲು ಹೊರಟಾಗ ಪ್ರೀಮಿಯರ್ ಲೀಗ್ ತಂಡ ಎಲ್ಲರ ಮೇಲೂ ಮುಗಿಬೀಳುವುದಿಲ್ಲ. ಕಾಲಲ್ಲಿ ನಯವಿಲ್ಲದ ಆ ಒಬ್ಬ ಸೆಂಟರ್ ಬ್ಯಾಕ್‌ನನ್ನು ಬೇಕೆಂದೇ ಬಿಟ್ಟು ಸುತ್ತಲಿನವರನ್ನೆಲ್ಲ ಮುಚ್ಚುತ್ತದೆ. ಪಾಸ್ ಅವನಿಗೇ ಹೋಗುತ್ತದೆ. ಅವನು ತಿರುಗುವಷ್ಟರಲ್ಲಿ ಸ್ಟ್ರೈಕರ್ ಓಡಿ ಬಂದು ಒಂದು ಬದಿಯ ದಾರಿ ಕಟ್ಟಿರುತ್ತಾನೆ. ಆಮೇಲೆ ಉಳಿಯುವುದು ಗುರಿಯಿಲ್ಲದ ಉದ್ದ ಚೆಂಡು, ಇಲ್ಲವೇ ಗೋಲಿನಿಂದ 25 ಮೀಟರ್‌ನಲ್ಲಿ ಕಳೆದುಕೊಂಡ ಚೆಂಡು. ಒಂದು ವಾರ ಇದನ್ನು ತಪ್ಪಿಸಿಕೊಳ್ಳಬಹುದು. ವಿಡಿಯೊ ನೋಡಿದ ಮೇಲೆ ಎಲ್ಲ ತಂಡಗಳೂ ಅಲ್ಲೇ ಚುಚ್ಚುತ್ತವೆ.

ಒಬ್ಬೊಬ್ಬ ಆಟಗಾರನ ವಿಷಯ ಬೇರೆ. ಮಿಗೆಲ್ ಅಲ್ಮಿರಾನ್ 2019ರ ಜನವರಿಯಲ್ಲಿ ಎಂಎಲ್‌ಎಸ್‌ನ ಅಟ್ಲಾಂಟಾದಿಂದ ಇಂಗ್ಲೆಂಡಿನ ನ್ಯೂಕಾಸಲ್‌ಗೆ ಹೋಗಿ ವರ್ಷಗಟ್ಟಲೆ ಆಡಿದರು. ಅತ್ತ ಆರ್ಸೆನಲ್, ಚೆಲ್ಸಿಗಳಲ್ಲಿ ಹೆಸರು ಮಾಡಿದ್ದ ಫ್ರಾನ್ಸ್‌ನ ಸ್ಟ್ರೈಕರ್ ಒಲಿವಿಯೆ ಜಿರೂ ಲಾಸ್ ಏಂಜಲೀಸ್‌ಗೆ ಹೋಗಿ ಗೋಲಿಗೆ ಪರದಾಡಿದರು. ವಯಸ್ಸಾದವರಿಗೆ ಎಂಎಲ್‌ಎಸ್ ಪಿಂಚಣಿ ಲೀಗ್ ಎಂದು ಹಂಗಿಸುವವರು ಇದನ್ನು ಮರೆಯುತ್ತಾರೆ.

ಪ್ರಶ್ನೆಯನ್ನು ತಿರುಗಿಸಿದರೂ ಉತ್ತರ ಸರಳವಿಲ್ಲ. ಇಂಗ್ಲೆಂಡಿನ ಹತ್ತನೇ ಸ್ಥಾನದ ತಂಡ ಅಮೆರಿಕಕ್ಕೆ ಹೋದರೆ ಕಪ್ ಗ್ಯಾರಂಟಿಯೇ? ಪಾಯಿಂಟ್ಸ್ ಪಟ್ಟಿಯಲ್ಲಿ ಮೇಲಿರಬಹುದು. ಆದರೆ ಮಯಾಮಿಯಿಂದ ವ್ಯಾಂಕೂವರ್‌ಗೆ ವಿಮಾನದಲ್ಲಿ ಸುಮಾರು 4,500 ಕಿಲೋಮೀಟರ್. ಕೊಲರಾಡೊ ಮೈದಾನ ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರದಲ್ಲಿದೆ. ಪೋರ್ಟ್‌ಲ್ಯಾಂಡ್, ಷಾರ್ಲಟ್‌ಗಳಲ್ಲಿ ಕೃತಕ ಹುಲ್ಲು. ಜುಲೈನ ಟೆಕ್ಸಸ್ ಬಿಸಿಲಿನಲ್ಲಿ 90 ನಿಮಿಷ ಪ್ರೆಸಿಂಗ್ (ಚೆಂಡಿಗಾಗಿ ಎದುರಾಳಿಯ ಮೇಲೆ ಮುಗಿಬೀಳುವುದು) ಮಾಡಲು ಯಾರಿಂದಲೂ ಆಗದು. ಇದೆಲ್ಲ ದಾಟಿದ ಮೇಲೆ ಪ್ಲೇಆಫ್ ಕಾದಿರುತ್ತದೆ. 2024ರಲ್ಲಿ ಮಯಾಮಿ 34 ಪಂದ್ಯಗಳಲ್ಲಿ 74 ಪಾಯಿಂಟ್ ಗಳಿಸಿತು, ಲೀಗ್‌ನ ದಾಖಲೆ. ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಎದುರಾದದ್ದು 40 ಪಾಯಿಂಟ್‌ನ ಅಟ್ಲಾಂಟಾ. ಮೂರು ಪಂದ್ಯಗಳ ಸರಣಿಯ ಕೊನೆಯದನ್ನು ಮಯಾಮಿ ತವರಿನಲ್ಲೇ 2–3ರಿಂದ ಸೋತು ಮನೆಗೆ ಹೋಯಿತು. ಪಟ್ಟಿಯಲ್ಲಿ ಮೊದಲಿಗರಾದವರಿಗೆ ‘ಸಪೋರ್ಟರ್ಸ್ ಶೀಲ್ಡ್’ ಇದೆ, ಆದರೆ ಚಾಂಪಿಯನ್ ಎಂದು ಕರೆಯುವುದು ಪ್ಲೇಆಫ್‌ನ ಕಪ್ ಗೆದ್ದವರನ್ನೇ. 1996ರಿಂದ 2025ರವರೆಗೆ ಅಲ್ಲಿ 16 ಬೇರೆ ಬೇರೆ ತಂಡಗಳು ಗೆದ್ದಿವೆ. 1992ರಲ್ಲಿ ಶುರುವಾದ ಪ್ರೀಮಿಯರ್ ಲೀಗ್‌ನಲ್ಲಿ 2025ರವರೆಗೆ ಗೆದ್ದದ್ದು 7 ಮಾತ್ರ.

ಐಪಿಎಲ್ ನೋಡುವವರಿಗೆ ಇದೆಲ್ಲ ಹೊಸದಲ್ಲ: ಖರ್ಚಿಗೆ ಮಿತಿ, ಪ್ಲೇಆಫ್, ಕೊನೆಯ ಸ್ಥಾನ ಬಂದರೂ ಮುಂದಿನ ವರ್ಷ ಅದೇ ಲೀಗ್. ಎಂಎಲ್‌ಎಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಆಟಗಾರ ಒಪ್ಪಂದ ಮಾಡಿಕೊಳ್ಳುವುದು ಕ್ಲಬ್ ಜೊತೆಗಲ್ಲ, ಲೀಗ್ ಜೊತೆಗೆ. ಈ ಬಿಗಿಗೆ ಕಾರಣ ಹಳೆಯ ಭಯ. ಪೆಲೆಯನ್ನು ಕರೆಸಿದ್ದ ಅಮೆರಿಕದ ಹಿಂದಿನ ಲೀಗ್ ಎನ್‌ಎಎಸ್‌ಎಲ್ ಕೈಮೀರಿ ಖರ್ಚು ಮಾಡಿ 1984ರ ಸೀಸನ್ ನಂತರ ಮುಚ್ಚಿಹೋಯಿತು. ಇನ್ನು ಡಿವಿಷನ್ ಇಳಿಸುವ ಪದ್ಧತಿ ಸದ್ಯಕ್ಕಂತೂ ಬರುವುದಿಲ್ಲ. ಸುಮಾರು 50 ಕೋಟಿ ಡಾಲರ್ ಪ್ರವೇಶ ಶುಲ್ಕ ತೆತ್ತು 2025ರಲ್ಲಿ 30ನೇ ತಂಡವಾಗಿ ಬಂದ ಸ್ಯಾನ್ ಡಿಯಾಗೊಗೆ ಯಾರು ಕೆಳಗಿಳಿ ಎನ್ನುತ್ತಾರೆ? ಇದರ ಬೆಲೆ ತೆರುವವರು ಪ್ರೇಕ್ಷಕರು. ಸೀಸನ್‌ನ ಕೊನೆಯ ಹೊತ್ತಿಗೆ ತಳದ ತಂಡಗಳ ಪಂದ್ಯಗಳಲ್ಲಿ ಜೀವವೇ ಇರುವುದಿಲ್ಲ. ಇಂಗ್ಲೆಂಡಿನಲ್ಲಿ ಕೆಳಗಿಳಿಯದಿರಲು ನಡೆಯುವ ಮೇ ತಿಂಗಳ 17ನೇ, 18ನೇ ಸ್ಥಾನದ ಹೋರಾಟ ಕೆಲವೊಮ್ಮೆ ಪ್ರಶಸ್ತಿಯ ಹೋರಾಟಕ್ಕಿಂತ ಬಿಸಿ.

ಎರಡನ್ನೂ ನೋಡುವ ಆಸೆಯಿದ್ದರೆ ಸಮಯ ಅಡ್ಡಬರುವುದಿಲ್ಲ. ಇಂಗ್ಲೆಂಡಿನ ಶನಿವಾರ ಮಧ್ಯಾಹ್ನ 3ರ ಪಂದ್ಯ ನಮಗೆ ಬೇಸಿಗೆಯಲ್ಲಿ ರಾತ್ರಿ 7.30ಕ್ಕೆ, ಚಳಿಗಾಲದಲ್ಲಿ 8.30ಕ್ಕೆ. ಅಮೆರಿಕದ ಪೂರ್ವ ಕರಾವಳಿಯ ಸಂಜೆ 7.30ರ ಪಂದ್ಯ ಬೇಸಿಗೆಯಲ್ಲಿ ಇಲ್ಲಿ ಮರುದಿನ ಬೆಳಗಿನ ಜಾವ 5ಕ್ಕೆ, ಪಶ್ಚಿಮ ಕರಾವಳಿಯದು 8ಕ್ಕೆ. ಎಂಎಲ್‌ಎಸ್ ಹೊಸದಾಗಿ ನೋಡುವವರು ಪ್ಲೇಆಫ್‌ನಿಂದ ಶುರುಮಾಡುವುದು ಒಳ್ಳೆಯದು. ಆ ತಂಡಗಳು ನಿಜವಾಗಿ ಜಿದ್ದಿಗೆ ಬೀಳುವುದು ಆಗಲೇ.