ಐದು ಒತ್ತಿದರೆ ಐವತ್ತೈದು

ಕಳೆದ ತಿಂಗಳ ಕೊನೆಗೆ ಲೆಕ್ಕ ಹಾಕುತ್ತಾ ಕೂತಿದ್ದೆ. ಒಟ್ಟು ಮೊತ್ತ ಪುಸ್ತಕದಲ್ಲಿ ಇರಬೇಕಾದದ್ದಕ್ಕಿಂತ 4,100 ಜಾಸ್ತಿ ಬಂತು. ಮತ್ತೆ ಕೂಡಿದೆ, ಸರಿ ಬಂತು. ಖಾತ್ರಿಗೆ ಅಂತ ಮೂರನೇ ಸಲ ಕೂಡಿದೆ. ಈಗ 12,200 ಜಾಸ್ತಿ! ಅದೇ ನಲವತ್ತು ಚೀಟಿಗಳು, ಅದೇ ಕ್ಯಾಲ್ಕ್ಯುಲೇಟರ್, ಮೂರು ಸಲಕ್ಕೆ ಮೂರು ಉತ್ತರ.

ನಾನು ಕೀಗಳನ್ನು ನೋಡದೆ ಒತ್ತುವವಳು. ಕಣ್ಣು ಚೀಟಿ ಮೇಲೆ, ಬಲಗೈ ಕ್ಯಾಲ್ಕ್ಯುಲೇಟರ್ ಮೇಲೆ. 5ರ ಕೀ ಮೇಲೆ ಒಂದು ಸಣ್ಣ ಉಬ್ಬು ಇರುತ್ತಲ್ಲ, ನಡುಬೆರಳು ಅದನ್ನು ಹುಡುಕಿಕೊಂಡರೆ ಸಾಕು, ಉಳಿದ ಬೆರಳುಗಳಿಗೆ ದಾರಿ ಗೊತ್ತು. ಫೋನಿನ ಗಾಜಿನ ಮೇಲೆ ಇದು ಆಗುವುದಿಲ್ಲ. ಹದಿನಾಲ್ಕು ವರ್ಷದಿಂದ ಈ ಎಂಟು ಅಂಕಿಯ ಪುಟ್ಟ ಯಂತ್ರವನ್ನೇ ಇಟ್ಟುಕೊಂಡಿರುವುದು ಅದಕ್ಕೇ.

ನಾಲ್ಕನೇ ಸಲ ಪರದೆಯನ್ನೇ ನೋಡುತ್ತಾ ನಿಧಾನವಾಗಿ ಒತ್ತಿದೆ. 450 ಅಂತ ಒತ್ತಿದ್ದು 4550 ಆಗಿತ್ತು. ಇನ್ನೊಂದು ಚೀಟಿಯ 1358 ಮಾತ್ರ ಸರಿಯಾಗಿ ಬಿತ್ತು. ಅದನ್ನೇ ಅಳಿಸಿ ಮತ್ತೆ ಒತ್ತಿದರೆ 13558. ಪ್ರತಿ ಸಲ ಹೀಗಾಗಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಹತ್ತರಲ್ಲಿ ಒಂದು ಸಲ ಆಗುವುದರಿಂದಲೇ ಇದು ಅಪಾಯ.

ಆಮೇಲೆ ಆ ಎರಡು ವ್ಯತ್ಯಾಸಗಳನ್ನು ನೋಡುತ್ತಾ ಕೂತಾಗ ಒಂದು ಸಂಗತಿ ಹೊಳೆಯಿತು. ಅದನ್ನು ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಲೆಕ್ಕ ಬರೆಯುವವರಿಗೆ ಒಂದು ಹಳೆಯ ಉಪಾಯ ಗೊತ್ತಿರುತ್ತದೆ. ವ್ಯತ್ಯಾಸ 9ರಿಂದ ಶೇಷವಿಲ್ಲದೆ ಭಾಗವಾದರೆ ಎಲ್ಲೋ ಅಕ್ಕಪಕ್ಕದ ಅಂಕಿಗಳು ಅದಲುಬದಲಾಗಿರಬಹುದು, 45ರ ಬದಲು 54 ಬರೆದ ಹಾಗೆ. ನಾನೂ ರೂಢಿಯಂತೆ 4,100ರ ಅಂಕಿಗಳನ್ನು ಕೂಡಿದೆ. 4 ಮತ್ತು 1, ಐದು. 12,200 ನೋಡಿದೆ. 1, 2, 2, ಅದೂ ಐದು. ಕೆಟ್ಟಿದ್ದ ಕೀ ಕೂಡ 5! ಕಾಕತಾಳೀಯ ಇರಬಹುದು ಅಂದುಕೊಂಡು ಬೇರೆ ಸಂಖ್ಯೆಗಳಲ್ಲಿ ಮಾಡಿ ನೋಡಿದೆ. 638ರಲ್ಲಿ 3 ಎರಡು ಸಲ ಬಿದ್ದರೆ 6338. ವ್ಯತ್ಯಾಸ 5,700. ಐದು ಏಳು ಹನ್ನೆರಡು, ಒಂದು ಎರಡು ಮೂರು. ಹೌದು, 3.

ಕಾರಣ ಸರಳ. ಒಂದು ಸಂಖ್ಯೆಯನ್ನು 9ರಿಂದ ಭಾಗಿಸಿದರೂ, ಅದರ ಅಂಕಿಗಳ ಮೊತ್ತವನ್ನು 9ರಿಂದ ಭಾಗಿಸಿದರೂ ಉಳಿಯುವ ಶೇಷ ಒಂದೇ. 450ರ ಅಂಕಿಗಳ ಮೊತ್ತ 9, 4550ರದು 14. ಹೆಚ್ಚಾದದ್ದು ಒಂದು ಐದು ಮಾತ್ರ, ಉಳಿದ ಅಂಕಿಗಳು ಎಷ್ಟೇ ಪಕ್ಕಕ್ಕೆ ಸರಿದರೂ ಮೊತ್ತ ಬದಲಾಗುವುದಿಲ್ಲ. ಹಾಗಾಗಿ ವ್ಯತ್ಯಾಸದ ಅಂಕಿಗಳನ್ನು ಒಂದೇ ಅಂಕಿ ಉಳಿಯುವ ತನಕ ಕೂಡುತ್ತಾ ಹೋದರೆ, ಎರಡು ಸಲ ಬಿದ್ದ ಕೀ ಯಾವುದು ಅಂತ ಅದೇ ಹೇಳುತ್ತದೆ. ತಪ್ಪು ಒಂದೇ ಸಲ ಆಗಿದ್ದರೆ ಮಾತ್ರ ಇದು ನಡೆಯುತ್ತದೆ. 5 ಎರಡು ಚೀಟಿಗಳಲ್ಲಿ ಎರಡೆರಡು ಸಲ ಬಿದ್ದಿದ್ದರೆ ಕೊನೆಗೆ 1 ಉಳಿಯುತ್ತದೆ. 0 ಮತ್ತು 9ರ ಕೀಗಳಲ್ಲೂ ಉಪಯೋಗವಿಲ್ಲ. ಎರಡಕ್ಕೂ 9 ಬರುತ್ತದೆ, ಅದಲುಬದಲಿಗೂ 9 ಬರುತ್ತದೆ.

ಇನ್ನು ಕೀ ಹೀಗೇಕೆ ಮಾಡುತ್ತದೆ ಅನ್ನುವುದು. ಸಾಮಾನ್ಯ ಕ್ಯಾಲ್ಕ್ಯುಲೇಟರಿನಲ್ಲಿ ಕೀಗಳ ಕೆಳಗೆ ಒಂದು ರಬ್ಬರ್ ಹಾಳೆ ಇರುತ್ತದೆ. ಪ್ರತಿ ಕೀಗೆ ಒಂದು ಗುಮ್ಮಟ, ಅದರ ಒಳಗಡೆ ಕಪ್ಪು ಕಾರ್ಬನ್ ಬಿಲ್ಲೆ. ಒತ್ತಿದಾಗ ಬಿಲ್ಲೆ ಕೆಳಗಿನ ಬೋರ್ಡಿಗೆ ತಾಗಿ ವಿದ್ಯುತ್ ಹರಿಯುವ ಎರಡು ಗೆರೆಗಳನ್ನು ಜೋಡಿಸುತ್ತದೆ. ಯಾವ ಕೀ ಆದರೂ ಮೊದಲ ಕೆಲವು ಮಿಲಿಸೆಕೆಂಡು ತಾಗುತ್ತಾ ಬಿಡುತ್ತಾ ನಡುಗುತ್ತದೆ. ಅದು ಒಳಗಿನ ಎಲೆಕ್ಟ್ರಾನಿಕ್ ಚಿಪ್ಪಿಗೂ ಗೊತ್ತು. ನಡುಕ ನಿಲ್ಲುವಷ್ಟು ಹೊತ್ತು ಕಾದು, ಆಮೇಲೆ ಒಂದು ಒತ್ತು ಅಂತ ಎಣಿಸುತ್ತದೆ. ಬಿಲ್ಲೆಗೆ ಜಿಡ್ಡೋ ದೂಳೋ ಹತ್ತಿದ್ದರೆ ಬೆರಳು ಇನ್ನೂ ಕೆಳಗೇ ಇರುವಾಗ ಸಂಪರ್ಕ ಬಿಟ್ಟು ಮತ್ತೆ ಸೇರುತ್ತದೆ. ಆ ಬಿಡುವು ಚಿಪ್ಪು ಕಾಯುವ ಹೊತ್ತಿಗಿಂತ ಉದ್ದವಾದರೆ ಅದಕ್ಕೆ ಎರಡನೇ ಒತ್ತಿನ ಹಾಗೇ ಕಾಣುತ್ತದೆ. ಚಿಪ್ಪಿನ ತಪ್ಪಲ್ಲ, ನಿಮ್ಮ ಬೆರಳಿನ ತಪ್ಪೂ ಅಲ್ಲ.

ಬಿಚ್ಚುವ ಮೊದಲು ಒಂದು ಪರೀಕ್ಷೆ. 12345679 ಒತ್ತಿ (8 ಬಿಟ್ಟು), 8ರಿಂದ ಗುಣಿಸಿ. 98765432 ಬರಬೇಕು. ಇದರಲ್ಲಿ 0 ಬಿಟ್ಟು ಎಲ್ಲ ಕೀಗಳೂ ಒಮ್ಮೊಮ್ಮೆ ಬರುತ್ತವೆ. ಎಂಟು ಅಂಕಿಯ ಪರದೆಯಲ್ಲಿ ಒಂದು ಮೋಸ ಇದೆ, ಎಚ್ಚರ. 5 ಎರಡು ಸಲ ಬಿದ್ದರೆ ಕೊನೆಯ 9ಕ್ಕೆ ಜಾಗವಿಲ್ಲದೆ 12345567 ನಿಲ್ಲುತ್ತದೆ. ಪರದೆ ತುಂಬಿರುವುದರಿಂದ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಗುಣಿಸಿದ ಮೇಲೆ 98764536 ಬಂದಾಗಲೇ ಗೊತ್ತಾಗುವುದು. ಆಗೊಮ್ಮೆ ಈಗೊಮ್ಮೆ ಬರುವ ದೋಷ ಆದ್ದರಿಂದ ಒಂದು ಸಲ ಮಾಡಿ ಸುಮ್ನೆ ಇಟ್ಟುಬಿಡಬೇಡಿ, ಇಪ್ಪತ್ತು ಸಲವಾದರೂ ಮಾಡಿ.

ನಾನು ಮೊದಲು ಸೆಲ್ ಬದಲಿಸಿದೆ, ಅದು ಎಲ್ಲಕ್ಕಿಂತ ಸುಲಭ ಅಂತ. ಪ್ರಯೋಜನ ಆಗಲಿಲ್ಲ. ಆಮೇಲೆ ಹಿಂದಿನ ಸ್ಕ್ರೂಗಳನ್ನು ತೆಗೆದೆ. ಒಂದು ಸ್ಕ್ರೂ ಸೆಲ್ಲಿನ ಮುಚ್ಚಳದ ಒಳಗೆ ಅಡಗಿತ್ತು. ಅದನ್ನು ನೋಡದೆ ಎಳೆದಿದ್ದರೆ ಪ್ಲಾಸ್ಟಿಕ್ ಸೀಳುತ್ತಿತ್ತು. ಅಂಚಿನ ಕೊಂಡಿಗಳನ್ನು ಉಗುರಿನಿಂದ ಬಿಡಿಸಿ, ಬೋರ್ಡನ್ನು ಎತ್ತಿ, ರಬ್ಬರ್ ಹಾಳೆಯನ್ನು ಮಗುಚಿದೆ. 5ರ ಬಿಲ್ಲೆ ಹೊಳೆಯುತ್ತಿತ್ತು, ಉಳಿದವು ಮಂಕಾಗಿದ್ದವು. ಹೊಳಪು ನೋಡಿ ಚೆನ್ನಾಗಿದೆ ಅನಿಸುತ್ತೆ ಅಲ್ವಾ? ಅದೇ ಜಿಡ್ಡು. ಪಕ್ಕದಲ್ಲಿ ಒಂದು ಸಣ್ಣ ಕೂದಲೂ ಅಂಟಿಕೊಂಡಿತ್ತು.

ಇಯರ್ ಬಡ್ಡಿನ ತುದಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ತಾಗಿಸಿ ಬಿಲ್ಲೆಯನ್ನು ಒರೆಸಿದೆ. ಬೋರ್ಡಿನ ಗೆರೆಗಳನ್ನು ಇನ್ನೂ ಮೆತ್ತಗೆ. ಆ ಗೆರೆಗಳೂ ಕಪ್ಪಗಿದ್ದರೆ ಅವು ಕಾರ್ಬನ್ ಲೇಪ, ಉಜ್ಜಿದರೆ ಎದ್ದು ಬರುತ್ತವೆ. ಥಿನ್ನರ್, ಪೆಟ್ರೋಲ್ ಹತ್ತಿರವೂ ತರಬೇಡಿ. ಪೆನ್ಸಿಲ್ ಪುಡಿ ಹಚ್ಚಿ ಅಂತ ಸಲಹೆ ಕೊಡುವವರಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಗ್ರಾಫೈಟ್ ಪುಡಿ ಉದುರಿ ಪಕ್ಕದ ಗೆರೆಗಳ ನಡುವೆ ಕೂತರೆ ಒತ್ತದೇ ಇರುವ ಕೀ ಕೂಡ ಬೀಳಬಹುದು. ಪರದೆಯಿಂದ ಬೋರ್ಡಿಗೆ ಹೋಗುವ ತೆಳ್ಳಗಿನ ಪಟ್ಟಿಯನ್ನಂತೂ ಎಳೆಯಲೇಬೇಡಿ. ಅದನ್ನು ಶಾಖ ಕೊಟ್ಟು ಅಂಟಿಸಿರುತ್ತಾರೆ, ಕಿತ್ತರೆ ಅಂಕಿಗಳ ಗೆರೆಗಳೇ ಮಾಯವಾಗುತ್ತವೆ. ಕೆಲವು ಮಾದರಿಗಳಲ್ಲಿ ಬೋರ್ಡನ್ನು ಪ್ಲಾಸ್ಟಿಕ್ ಗೂಟಗಳನ್ನು ಕರಗಿಸಿ ಕೂರಿಸಿರುತ್ತಾರೆ. ಅಂಥದ್ದನ್ನು ಬಿಚ್ಚದಿರುವುದೇ ಮೇಲು.

ಪೂರ್ತಿ ಒಣಗಲು ಬಿಟ್ಟು ಮತ್ತೆ ಜೋಡಿಸಿದೆ. ಸ್ಕ್ರೂ ಜಾಸ್ತಿ ಬಿಗಿ ಮಾಡಿದ್ದಕ್ಕೆ ಕೆಳಸಾಲಿನ ಕೀಗಳು ಗಟ್ಟಿಯಾದವು, ಕಾಲು ಸುತ್ತು ಸಡಿಲಿಸಿದ ಮೇಲೆ ಸರಿಹೋಯಿತು. ಪರೀಕ್ಷೆಯನ್ನು ಐವತ್ತು ಸಲ ಮಾಡಿದೆ. ಐವತ್ತು ಸಲವೂ 98765432.

ಆಮೇಲೆ ಹಿಂದಿನ ಆರು ತಿಂಗಳ ಪುಟಗಳನ್ನು ತೆಗೆದು 5 ಇರುವ ಪ್ರತಿ ಚೀಟಿಯನ್ನೂ ಹೊಸದಾಗಿ ಕೂಡಿದೆ. ಎರಡು ಸಂಜೆ ಹಿಡಿಯಿತು. ಒಂದು ಕಡೆ, ನಾಲ್ಕು ತಿಂಗಳ ಹಿಂದಿನ ಪುಟದಲ್ಲಿ, 320 ಹೆಚ್ಚಾಗಿ ಬರೆದಿದ್ದೆ. 35ರ ಒಂದು ಚೀಟಿ 355 ಆಗಿ ಸೇರಿಕೊಂಡಿತ್ತು. ಕೆಂಪು ಶಾಯಿಯಲ್ಲಿ ತಿದ್ದಿ, ಪಕ್ಕದಲ್ಲಿ ಇವತ್ತಿನ ತಾರೀಖು ಹಾಕಿದೆ.