ಗಾಳಿಗೆ ಬಿದ್ದ ಗಿಡದಲ್ಲಿ ನನ್ನ ಗರಗಸದ ಗುರುತು

ಕೃತ್ತಿಕಾ ಮಳೆ ಬಂದ ಮರುದಿನ ಬೆಳಿಗ್ಗೆ ಆರಕ್ಕೆ ಫೋನ್ ಬಂತು. "ಗಿಡ ಮುರದು ಬಿದ್ದದ ತಮ್ಮಾ, ಲಗೂನ ಬಾ." ರಾಯಚೂರಿನ ಹಳೆಯ ಬಡಾವಣೆಯೊಂದರಲ್ಲಿ ಇರುವ ನಿವೃತ್ತ ಮಾಸ್ತರು. ಹಿಂದಿನ ಸಂಜೆ ಧೂಳೆದ್ದು ಊರೇ ಕಾಣದಂತಾಗಿತ್ತು. ಮಳೆ ಸುರಿದದ್ದು ಹತ್ತು ನಿಮಿಷ ಇರಬಹುದು, ಅದಕ್ಕೂ ಮುಂಚೆ ಗಾಳಿ ಅರ್ಧ ತಾಸು ಬೀಸಿತ್ತು. ಹಗ್ಗ, ಏಣಿ, ಎರಡು ಗರಗಸ ಗಾಡಿಗೆ ಹಾಕಿಕೊಂಡು ಹೊರಟೆವು.

ನಮ್ಮ ಕಡೆ ಅರವತ್ತು ಅಡಿ ಬೆಳೆದರೂ ಅದು ಗಿಡವೇ. ಬೇವಿನ ಗಿಡ, ಹುಣಸೆ ಗಿಡ, ಅರಳಿ ಗಿಡ. ಮರ ಎನ್ನುವ ಮಾತು ಪುಸ್ತಕದ್ದು. ಹಾಗಾಗಿ ನಾನೂ ಇಲ್ಲಿ ಗಿಡ ಎಂದೇ ಬರೆಯುತ್ತೇನೆ. ಮನೆಯಂಗಳದ, ಬೀದಿಬದಿಯ ಗಿಡಗಳ ಕೊಂಬೆ ಸವರುವುದು, ರೋಗ ಬಿದ್ದದ್ದನ್ನು ನೋಡುವುದು, ಬಿದ್ದದ್ದನ್ನು ತೆಗೆಯುವುದು ನನ್ನ ಕೆಲಸ. ನಾಲ್ಕು ಜನರ ತಂಡ.

ಮಾಸ್ತರ ಮನೆಯಲ್ಲಿ ಬಿದ್ದದ್ದು ಗುಲ್‌ಮೊಹರ್. ಇಡೀ ಗಿಡವಲ್ಲ, ತೊಡೆಗಾತ್ರದ ಎರಡು ಕೊಂಬೆ. ಗೇಟು ಬಾಗಿತ್ತು, ಮಗನ ಸ್ಕೂಟರ್ ಅಡಿಯಲ್ಲಿ ಸಿಕ್ಕಿತ್ತು. ಅಮ್ಮಾರು ಅದೇ ಜಾಗದಲ್ಲಿ ಒಣಹಾಕಿದ್ದ ಬಟ್ಟೆಗಳನ್ನು ಗಾಳಿ ಏಳುತ್ತಲೇ ತೆಗೆದುಕೊಂಡು ಒಳಗೆ ಹೋಗಿದ್ದರಂತೆ. ಅದನ್ನು ಕೇಳಿ ನನ್ನ ಕೈಕಾಲು ತಣ್ಣಗಾದವು. ಏಕೆಂದರೆ ಏಣಿ ಹತ್ತಿ ಮುರಿದ ಜಾಗ ನೋಡುವಷ್ಟರಲ್ಲೇ ನನಗೆ ಗೊತ್ತಾಗಿತ್ತು: ಅಲ್ಲಿ ನಾಲ್ಕು ವರ್ಷದ ಹಿಂದಿನ ನನ್ನ ಗರಗಸದ ಗುರುತಿತ್ತು.

ಆವತ್ತು ಮಾಸ್ತರು "ತಲಿ ಹಾರಿಸಿಬಿಡು, ಗಾಳಿ ಬಂದ್ರ ಅಂಜಿಕಿ ಆಗ್ತದ" ಎಂದಿದ್ದರು. ನಾನು ಹಾರಿಸಿದ್ದೆ. ದಪ್ಪ ಕೊಂಬೆಗಳನ್ನೆಲ್ಲ ಆಳೆತ್ತರದ ಮೋಟು ಉಳಿಸಿ ಸಪಾಟಾಗಿ ಕೊಯ್ದು ಕೈತೊಳೆದುಕೊಂಡಿದ್ದೆ. ಹೇಳಿದವರು ಅವರು ನಿಜ. ಆದರೆ ಗಿಡದ ಕೆಲಸ ತಿಳಿದವನು ಎಂದು ಅವರು ಕರೆದದ್ದು ನನ್ನನ್ನು.

ತಲೆ ಹಾರಿಸಿದ ಗಿಡ ಏನು ಮಾಡುತ್ತದೆ ನೋಡಿ. ಎಲೆಯೆಲ್ಲ ಹೋಗಿರುತ್ತದೆ, ಬೇರಿಗೆ ಅನ್ನವಿಲ್ಲ. ಗಾಬರಿಯಲ್ಲಿ ಕೊಯ್ದ ಬಾಯಿಯ ಸುತ್ತ ಹತ್ತು ಹದಿನೈದು ಚಿಗುರು ಒಟ್ಟಿಗೆ ಎಬ್ಬಿಸುತ್ತದೆ. ಮಾಲೀಕರಿಗೆ ಸಂತೋಷ, ಎಷ್ಟು ಚೆನ್ನಾಗಿ ಚಿಗುರಿತು ಎಂದು. ಆ ಚಿಗುರುಗಳು ಹುಟ್ಟುವುದು ತೊಗಟೆಯ ಅಡಿಯ ಮೊಗ್ಗಿನಿಂದ. ಹುಟ್ಟಿನಿಂದ ಬೆಳೆದ ಕೊಂಬೆಯಾದರೆ ಅದರ ಮತ್ತು ಕಾಂಡದ ಕಟ್ಟಿಗೆ ವರ್ಷವರ್ಷವೂ ಒಂದರ ಮೇಲೊಂದು ಸುತ್ತಿಕೊಂಡು ಗಟ್ಟಿಯಾಗುತ್ತವೆ. ಈ ಚಿಗುರುಗಳಿಗೆ ಆ ಬೆಸುಗೆ ಇಲ್ಲ, ಮೇಲ್ಪದರಕ್ಕೆ ಅಂಟಿಕೊಂಡೇ ಭಾರವಾಗುತ್ತ ಹೋಗುತ್ತವೆ. ಇತ್ತ ಕೊಯ್ದ ಬಾಯಿ ಮುಚ್ಚುವುದಿಲ್ಲ. ನೀರಿಳಿಯುತ್ತದೆ, ಬೂಷ್ಟು ಹಿಡಿಯುತ್ತದೆ, ಮೆತ್ತಗಾದ ಕಟ್ಟಿಗೆಗೆ ಕೊರೆಯುವ ಹುಳ, ಗೆದ್ದಲು ಬರುತ್ತವೆ. ಮಾಸ್ತರ ಗಿಡದ ಮುರಿದ ತುದಿಯನ್ನು ಹಿಸುಕಿದರೆ ಚಹಾದಲ್ಲಿ ನೆನೆದ ರಸ್ಕಿನ ಹಾಗೆ ಬೆರಳಿಗೆ ಪುಡಿ ಬಂತು. ಒಳಗೆ ಪೆನ್ಸಿಲ್ ತೂರುವಷ್ಟು ಅಗಲದ ಸುರಂಗಗಳು.

ಮಾಸ್ತರು ಕೆಳಗೆ ನಿಂತು ನೋಡುತ್ತಿದ್ದರು. ಇಳಿದು ಬಂದು ಹೇಳಿದೆ, "ಇದು ಗಾಳಿ ತಪ್ಪಲ್ಲ ಸರ, ನಂದು." ಅವರು ಬೈಯಲಿಲ್ಲ. "ಹಂಗಾರ ಉಳಿದ ಗಿಡಕ್ಕ ಏನ್ ಮಾಡಬೇಕು ಹೇಳು" ಎಂದರು. ಆ ಮಾತಿಗೆ ಸರಿಯಾದ ಉತ್ತರ ಕೊಡುವ ಸಲುವಾಗಿಯೇ ನಾನು ಮತ್ತೆ ಮೊದಲಿನಿಂದ ಕೆಲಸ ಕಲಿತದ್ದು.

ಕಲಿಸಿದವರು ನಮ್ಮ ತಂಡದ ಹಿರಿಯ ಚಾಚಾ. ಅವರು ಮಾವಿನ ತೋಟಗಳಲ್ಲಿ ಕೆಲಸ ಮಾಡಿದವರು. ಕೊಂಬೆ ಕಾಂಡಕ್ಕೆ ಸೇರುವ ಕಡೆ ಬಳೆ ತೊಟ್ಟ ಹಾಗೆ ಒಂದು ಉಬ್ಬು ಇರುತ್ತದೆ. ಚಾಚಾ ನನ್ನ ಹೆಬ್ಬೆರಳನ್ನು ಹಿಡಿದು ಆ ಉಬ್ಬಿನ ಮೇಲೆ ಆಡಿಸಿದರು. "ಇದು ಬಳಿ. ಇದರ ಒಳಗ ಗಾಯ ಮಾಯಿಸೋ ಶಕ್ತಿ ಅದ. ಬಳಿ ಕೊಯ್ಯಬ್ಯಾಡ, ಬಳಿ ಬಿಟ್ಟು ಮೋಟು ಉಳಸಬ್ಯಾಡ." ಇಷ್ಟೇ ಪಾಠ. ಕಾಂಡಕ್ಕೆ ನುಣ್ಣಗೆ ಸೇರಿಸಿ ಕೊಯ್ದರೆ ಬಳೆ ಹೋಗಿ ಗಾಯ ಮಾಯುವುದಿಲ್ಲ. ಮೋಟು ಬಿಟ್ಟರೆ ಅದು ಒಣಗಿ ಹುಳಕ್ಕೆ ಬಾಗಿಲಾಗುತ್ತದೆ. ಬಳೆಯ ಅಂಚಿಗೆ ಕೊಯ್ದರೆ ಸುತ್ತಲಿಂದ ತೊಗಟೆ ಉಂಗುರದ ಹಾಗೆ ಬೆಳೆದು ಬಾಯಿ ಮುಚ್ಚುತ್ತ ಬರುತ್ತದೆ.

ದಪ್ಪ ಕೊಂಬೆಯನ್ನು ಒಂದೇ ಸಲಕ್ಕೆ ಕೊಯ್ಯುವುದೂ ತಪ್ಪು. ಅರ್ಧ ಕೊಯ್ಯುವಷ್ಟರಲ್ಲಿ ಭಾರಕ್ಕೆ ಕೊಂಬೆ ಬಾಗಿ, ಕಾಂಡದ ತೊಗಟೆಯನ್ನು ಮೊಳದುದ್ದ ಸೀಳಿಕೊಂಡು ಬರುತ್ತದೆ. ಕಾಂಡದಿಂದ ಒಂದು, ಒಂದೂವರೆ ಅಡಿ ಆಚೆ ಮೊದಲು ಕೆಳಗಿನಿಂದ ಮೂರನೆಯ ಒಂದು ಪಾಲಷ್ಟು ಕೊಯ್ಯಬೇಕು. ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಬೇಕು. ಉಳಿದ ಮೋಟನ್ನು ಕೈಯಲ್ಲಿ ಹಿಡಿದು ಬಳೆಯ ಬಳಿ ನಿಧಾನವಾಗಿ ಮೂರನೆಯ ಕೊಯ್ತ. ಗಾಯಕ್ಕೆ ಡಾಂಬರು, ಪೇಂಟು ಹಚ್ಚುವುದನ್ನು ನಾವು ಬಿಟ್ಟೆವು. ಅದರಡಿ ನೀರು ನಿಂತು ಕೊಳೆಯುವುದೇ ಹೆಚ್ಚು. ಮಾವು, ದಾಳಿಂಬೆಯಂಥ ಹಣ್ಣಿನ ಗಿಡಕ್ಕೆ ಮಾತ್ರ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೊ ಮುಲಾಮು ಸವರುತ್ತೇವೆ.

ಮಾಸ್ತರ ಗುಲ್‌ಮೊಹರಿನಲ್ಲಿ ಉಳಿದ ಚಿಗುರುಗಳಲ್ಲಿ ಒಂದೊಂದು ಮೋಟಿಗೆ ಗಟ್ಟಿಯಾದದ್ದು ಒಂದೆರಡು ಇಟ್ಟು, ಮಿಕ್ಕದ್ದನ್ನು ಎರಡು ವರ್ಷದಲ್ಲಿ ತೆಗೆಯೋಣ ಎಂದುಕೊಂಡೆವು. ಒಂದೇ ವರ್ಷಕ್ಕೆ ಹಸಿರಿನ ಕಾಲುಭಾಗಕ್ಕಿಂತ ಹೆಚ್ಚು ತೆಗೆಯುವುದಿಲ್ಲ ಎನ್ನುವುದು ಆವತ್ತಿನಿಂದ ನಮ್ಮ ನೇಮ.

ಮೇಲೆ ನೋಡಲು ಕಲಿತ ಮೇಲೆ ಬುಡ ನೋಡುವುದನ್ನು ಕಲಿತೆ. ಅದೇ ಗಿಡದ ಸುತ್ತ ಅಂಗಳದ ಕಾಂಕ್ರೀಟ್ ಕಾಂಡಕ್ಕೆ ಉಡಿದಾರದ ಹಾಗೆ ಕಚ್ಚಿಕೊಂಡಿತ್ತು. ಸುತ್ತಿಗೆ, ಹಾರೆ ಹಿಡಿದು ಮೂರಡಿ ಅಗಲಕ್ಕೆ ಒಡೆದು ತೆಗೆದಾಗ ಬೀದಿ ಕಡೆಯ ಎರಡು ದಪ್ಪ ಬೇರುಗಳು ಕತ್ತಿಯಿಂದ ಕಡಿದಂತೆ ತುಂಡಾಗಿದ್ದವು. ಯಾವಾಗಲೋ ಚರಂಡಿ ಪೈಪಿಗೆ ಅಗೆದವರು ಕಡಿದದ್ದು. ಗಿಡ ನಿಂತಿದ್ದದ್ದು ಮನೆಯ ಕಡೆಯ ಬೇರಿನ ಮೇಲೆ ಮಾತ್ರ. ಗುಲ್‌ಮೊಹರಿನ ಬೇರು ಮೊದಲೇ ಮೇಲ್ಮಟ್ಟದ್ದು, ಕಟ್ಟಿಗೆಯೂ ಪೆಳಸು. ಜೊತೆಗೆ ನಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ಆ ಬಿರುಕಿನಲ್ಲಿ ಸಣ್ಣ ಬೇರುಗಳು ಹರಿಯುತ್ತವೆ. ಮೊದಲ ಮಳೆಗಾಳಿ ಬರುವುದು ಬೇರಿನ ಹಿಡಿತ ಸಡಿಲಾದ ಆ ಹೊತ್ತಿಗೇ. ಅದಕ್ಕೇ ಶಿವರಾತ್ರಿ ಕಳೆದ ಮೇಲೆ ಅಂಗಳದ ಗಿಡಕ್ಕೆ ವಾರಕ್ಕೊಮ್ಮೆ, ಕಾಂಡಕ್ಕಲ್ಲ, ಕೊಂಬೆಯ ನೆರಳು ಬೀಳುವ ಅಂಚಿನವರೆಗೆ ನೀರು ಬಿಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಉದುರಿದ ಎಲೆಯನ್ನು ಸುಡದೆ ಅಲ್ಲೇ ಹರಡಿದರೆ ಬಿರುಕು ಕಡಿಮೆಯಾಗುತ್ತದೆ.

ಇನ್ನು ಹುಳದ ಮಾತು. ನಮ್ಮ ಜಿಲ್ಲೆಯವರಿಗೆ ಹೊರದೇಶದ ಹುಳ ಎಂದರೆ ಏನೆಂದು ಹೇಳಿಕೊಡಬೇಕಿಲ್ಲ. 2021ರಲ್ಲಿ ಮೆಣಸಿನಕಾಯಿ ಹೊಲಗಳಿಗೆ ಬಂದ ಕಪ್ಪು ಥ್ರಿಪ್ಸ್ ರಾಯಚೂರು, ಬಳ್ಳಾರಿ ಎರಡೂ ಕಡೆ ಹೂವನ್ನೇ ಉದುರಿಸಿತು. ಔಷಧದ ಮೇಲೆ ಔಷಧ ಹೊಡೆದರೂ ಬಗ್ಗಲಿಲ್ಲ. ಆ ಭಯ ಜನರ ಮನಸ್ಸಿನಲ್ಲಿದೆ. ಹಾಗಾಗಿ ಅಂಗಳದ ತೆಂಗಿನ ಗರಿಯಲ್ಲಿ ಬಿಳಿ ಕಂಡರೂ ಮೊದಲು ಕೇಳುವುದು "ಯಾವ ಎಣ್ಣಿ ಹೊಡೀಬೇಕು?" ಎಣ್ಣಿ ಎಂದರೆ ನಮ್ಮ ಕಡೆ ಕೀಟನಾಶಕ.

ತೆಂಗಿನ ಆ ಬಿಳಿ ನೊಣ ಮಧ್ಯ ಅಮೆರಿಕದ ಕಡೆಯದು. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ನಮ್ಮ ದೇಶದಲ್ಲಿ ಮೊದಲ ಸಲ ಕಂಡದ್ದು. ಗರಿಯ ಅಡಿಯಲ್ಲಿ ರಂಗೋಲಿ ಸುತ್ತಿದ ಹಾಗೆ ಸುರುಳಿ ಸುರುಳಿಯಾಗಿ ಮೇಣದಂಥ ಬಿಳಿಯಲ್ಲಿ ಮೊಟ್ಟೆ ಇಡುತ್ತದೆ. ಸುರಿಸುವ ಅಂಟು ಕೆಳಗಿನ ಗರಿ, ಕಾರು, ತುಳಸಿಕಟ್ಟೆ ಎಲ್ಲದರ ಮೇಲೆ ಬಿದ್ದು ಅದಕ್ಕೆ ಕಪ್ಪು ಬೂಷ್ಟು ಕಟ್ಟುತ್ತದೆ. ನೋಡಲು ಗಿಡ ಸತ್ತೇಹೋಯಿತು ಎನ್ನುವ ಹಾಗಿರುತ್ತದೆ, ಆದರೆ ಬರೀ ಇದರಿಂದ ತೆಂಗು ಸಾಯುವುದು ಅಪರೂಪ. ಇದರ ಬೆನ್ನಿಗೇ ಎನ್ಕಾರ್ಸಿಯಾ ಎನ್ನುವ, ಕಣ್ಣಿಗೆ ಕಷ್ಟಪಟ್ಟು ಕಾಣುವಷ್ಟು ಸಣ್ಣ ಕಣಜವೂ ಬಂದಿದೆ. ನೊಣದ ಮರಿಯೊಳಗೆ ಮೊಟ್ಟೆ ಇಟ್ಟು ಅದನ್ನೇ ತಿಂದು ಬೆಳೆಯುತ್ತದೆ. ಮಸೂರದಲ್ಲಿ ನೋಡಿದರೆ ಕಣಜ ಹಿಡಿದ ಮರಿ ಕಪ್ಪಾಗಿರುತ್ತದೆ. ಘಾಟು ಔಷಧ ಹೊಡೆದರೆ ಮೊದಲು ಸಾಯುವುದು ಈ ಕಣಜ, ನೊಣ ಮತ್ತೆ ದುಪ್ಪಟ್ಟಾಗುತ್ತದೆ. ನಾವು ಮಾಡುವುದು ಇಷ್ಟು: ಗರಿಯ ಅಡಿಗೆ ರಭಸದ ನೀರು, ಲೀಟರಿಗೆ 5 ಮಿಲಿ ಬೇವಿನೆಣ್ಣೆಯನ್ನು ಸೋಪಿನ ನೀರಲ್ಲಿ ಕಲಸಿ ಸಿಂಪಡಣೆ, ಹಳದಿ ಅಂಟುಹಾಳೆ. ಕಪ್ಪು ಬೂಷ್ಟಿಗೆ ಲೀಟರಿಗೆ 10 ಗ್ರಾಂ ಸ್ಟಾರ್ಚ್ ಕಾಯಿಸಿದ ಗಂಜಿ. ಒಣಗಿದಾಗ ಬೂಷ್ಟು ಹಪ್ಪಳದ ಹಾಗೆ ಎದ್ದು ಉದುರುತ್ತದೆ.

ಇದನ್ನು ನಂಬದವರಿಗೆ ಪಪ್ಪಾಯಿಯ ಕಥೆ ಹೇಳುತ್ತೇನೆ. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿ ಹಿಟ್ಟು ತಿಗಣೆ ಕಾಣಿಸಿಕೊಂಡಿತು. ಪಪ್ಪಾಯಿ, ಹಿಪ್ಪುನೇರಳೆ, ದಾಸವಾಳ ಯಾವುದನ್ನೂ ಬಿಡಲಿಲ್ಲ. ಮೇಲೆ ಮೇಣದ ಹೊದಿಕೆ, ಔಷಧ ಒಳಗಿಳಿಯುತ್ತಿರಲಿಲ್ಲ. 2010ರಲ್ಲಿ ಪೋರ್ಟೊರಿಕೊದಿಂದ ಮೂರು ಬಗೆಯ ಕಣಜ ತರಿಸಿ, ಬೆಂಗಳೂರಿನ ಕೀಟ ಸಂಸ್ಥೆಯಲ್ಲಿ ಪರೀಕ್ಷಿಸಿ, ಬೆಳೆಸಿ ಬಿಟ್ಟರು. ಔಷಧ ಮಾಡಲಾರದ್ದನ್ನು ಅದು ಮಾಡಿತು.

ಎಲ್ಲ ಹುಳವೂ ಹೊರಗಿನದಲ್ಲ. ಅದೂ ನನಗೆ ತಡವಾಗಿ ತಿಳಿಯಿತು. 2021ರ ಹೊತ್ತಿಗೆ ಪಕ್ಕದ ತೆಲಂಗಾಣದಲ್ಲಿ ಬೇವಿನ ಗಿಡಗಳು ಬೆಂಕಿ ಬಡಿದಂತೆ ತುದಿಯಿಂದ ಒಣಗಿದ ಸುದ್ದಿ ಬಂತು. ನಮ್ಮಲ್ಲೂ ಜನ ಹೆದರಿ ಬೇವನ್ನು ಕಡಿಸಲು ಕರೆದರು. ಮೊಬೈಲ್ ಟವರ್ ಕಾರಣ ಎಂದವರಿದ್ದರು, ಊರಿಗೆ ಕೇಡು ಎಂದವರಿದ್ದರು. ಒಂದು ಮನೆಯಲ್ಲಿ ಅಜ್ಜಿ ಗಿಡದ ಬುಡಕ್ಕೆ ಕಾಯಿ ಒಡೆದು ಅಳುತ್ತಿದ್ದರು. ಒಣಗಿದ ರೆಂಬೆ ಕೊಯ್ದು ಚೀಲದಲ್ಲಿ ಕಟ್ಟಿಕೊಂಡು ಲಿಂಗಸುಗೂರು ರಸ್ತೆಯ ಕೃಷಿ ವಿಶ್ವವಿದ್ಯಾಲಯಕ್ಕೆ ಹೋದೆ. ಎಳೆಯ ಕಾಂಡದ ಮೇಲೆ ಸಣ್ಣ ಕಂದು ಚುಕ್ಕೆ, ಚುಕ್ಕೆಯಲ್ಲಿ ಅಂಟು. ಅದು ಟೀ ಸೊಳ್ಳೆ ಚುಚ್ಚಿ ರಸ ಹೀರಿದ ಗುರುತು. ಹೆಸರಿಗೆ ಸೊಳ್ಳೆ, ಜಾತಿಯಲ್ಲಿ ತಿಗಣೆ, ಬೆನ್ನ ಮೇಲೆ ಗುಂಡುಸೂಜಿ ನೆಟ್ಟ ಹಾಗೆ ಒಂದು ಮುಳ್ಳು, ನಮ್ಮ ನೆಲದ್ದೇ ಕೀಟ. ಎಳೆ ತುದಿಗಳು ಒಣಗುವುದಕ್ಕೆ ಜೊತೆಗೆ ಒಂದು ಶಿಲೀಂಧ್ರವೂ ಕಾರಣ. ಬೇವು ಗಟ್ಟಿಜೀವ. ಒಣಗಿದ ತುದಿಗಳನ್ನು ಹಸಿ ಕಟ್ಟಿಗೆ ಸಿಗುವವರೆಗೆ ಕೊಯ್ದು ಸುಟ್ಟು, ಬುಡಕ್ಕೆ ನೀರು ಕೊಟ್ಟೆವು. ಆ ಅಜ್ಜಿಯ ಗಿಡ ಯುಗಾದಿಗೆ ಚಿಗುರಿ ಹೂ ಬಿಟ್ಟಿತು. ಪಾತ್ರೆಯಲ್ಲಿ ಬೇವು ಬೆಲ್ಲ ತಂದುಕೊಟ್ಟು "ನೀ ಕಡೀಲಿಲ್ಲ ನೋಡಪ್ಪಾ, ಅದೇ ಪುಣ್ಯ" ಎಂದರು.

ಈ ಸೊಳ್ಳೆ ಎಳೆ ಚಿಗುರಿಗೇ ಬರುತ್ತದೆ. ಶ್ರಾವಣದಿಂದ ಚಳಿಗಾಲದ ಮೊದಲವರೆಗೆ ಅದರ ಹಾವಳಿ. ಮಳೆಗಾಲದಲ್ಲಿ ಬೇವನ್ನು ಬೋಳಿಸಿದರೆ ಚಿಗುರೆಬ್ಬಿಸಿ ಅದಕ್ಕೆ ಊಟ ಬಡಿಸಿದ ಹಾಗೆ. ಹಾಗಾಗಿ ಬೇವಿನ ಕೊಂಬೆ ಸವರುವ ಕೆಲಸ ಸಂಕ್ರಾಂತಿ ಆಸುಪಾಸಿಗೆ ಇಟ್ಟುಕೊಂಡಿದ್ದೇವೆ. ಬೇಸಿಗೆ ಗಾಳಿಯೊಳಗೂ ಮುಗಿಯುತ್ತದೆ, ಸೊಳ್ಳೆಗೂ ಸಿಗುವುದಿಲ್ಲ.

ಪೇರಲ, ನುಗ್ಗೆಗಳ ಕವಲಿನಲ್ಲಿ ಜೇಡರ ಬಲೆಯಂಥ ಎಳೆ, ಅದಕ್ಕೆ ಕಂದು ಹಿಕ್ಕೆ, ತೊಗಟೆ ಪುಡಿ ಅಂಟಿ ತೊಗಲಿನ ಪಟ್ಟಿಯಂತೆ ಇಳಿದಿದ್ದರೆ ಅದು ತೊಗಟೆ ತಿನ್ನುವ ಹುಳ. ಹಗಲು ತೂತಿನಲ್ಲಿ, ರಾತ್ರಿ ಮೇಯಲು ಹೊರಗೆ. ಆ ಪಟ್ಟಿಯನ್ನು ಬ್ರಶ್ಶಿನಿಂದ ಒರೆಸಿ, ತೂತಿಗೆ ಸೈಕಲ್ ಕಡ್ಡಿ ತೂರಿಸಿ ತಿರುವಿದರೆ ತುದಿ ಒದ್ದೆಯಾಗಿ ಬರುತ್ತದೆ. ಆಮೇಲೆ ಸೀಮೆಎಣ್ಣೆಯ ಹತ್ತಿ ಇಟ್ಟು ಮಣ್ಣು ಮೆತ್ತಿದರೆ ಮುಗಿಯಿತು. ಬಿಟ್ಟರೆ ಗಾಳಿ ಬಂದಾಗ ಮುರಿಯುವುದು ಸರಿಯಾಗಿ ಅದೇ ಕವಲು.

ಈಗ ಕರೆ ಬಂದರೆ ಮೊದಲು ಗರಗಸ ಇಳಿಸುವುದಿಲ್ಲ. ಗಿಡದ ಸುತ್ತ ಒಂದು ಸುತ್ತು. ಬುಡದಲ್ಲಿ ಅಣಬೆ ಎದ್ದಿದೆಯೇ, ಒಂದು ಕಡೆ ಮಣ್ಣು ಉಬ್ಬಿದೆಯೇ, ಕಟ್ಟಿಗೆಯ ಸುತ್ತಿಗೆಯಿಂದ ಕಾಂಡ ತಟ್ಟಿದರೆ ಡೊಳ್ಳಿನ ಸದ್ದೇ, ಎರಡು ಕಾಂಡ ಇಕ್ಕಟ್ಟಾಗಿ ಸೇರಿದ ಕಡೆ ತೊಗಟೆ ಒಳಗೆ ಮಡಿಚಿದೆಯೇ. ತಂತಿಗೆ ತಾಗುವ ಕೊಂಬೆಯಾದರೆ ಲೈನ್‌ಮನ್ ಬಂದು ಕರೆಂಟ್ ತೆಗೆಸಿದ ಮೇಲೆಯೇ ಏಣಿ. ಪೂರ್ತಿ ಕಡಿಯಬೇಕು ಎನ್ನುವವರಿಗೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ನೆನಪಿಸಿ ಅರಣ್ಯ ಇಲಾಖೆಯ ಅನುಮತಿ ತರಲು ಹೇಳುತ್ತೇನೆ. "ತಲಿ ಹಾರಿಸು" ಎಂದರೆ ಆಗುವುದಿಲ್ಲ ಎನ್ನುತ್ತೇನೆ. ಕೆಲವರು ಬೇರೆಯವರನ್ನು ಕರೆಯುತ್ತಾರೆ, ದಿನದ ಕೂಲಿ ಹೋಗುತ್ತದೆ. ಹೋಗಲಿ. ಆ ಗೇಟಿನ ಹತ್ತಿರ ಬಟ್ಟೆ ತೆಗೆಯುತ್ತಿದ್ದ ಅಮ್ಮಾರನ್ನು ನೆನೆದರೆ ಆ ಕೂಲಿ ನನಗೆ ಬೇಡ.

ಮಾಸ್ತರ ಗುಲ್‌ಮೊಹರನ್ನು ನಾವು ಉಳಿಸಲಾಗಲಿಲ್ಲ. ಕಡಿದ ಬೇರಿನ ಕಡೆಯಿಂದ ಕೊಳೆ ಬುಡಕ್ಕೆ ಏರಿತ್ತು. ಅನುಮತಿ ತಂದು, ತುಂಡು ತುಂಡಾಗಿ ಹಗ್ಗದಲ್ಲಿ ಇಳಿಸಿದೆವು. ಅದೇ ಅಂಗಳದಲ್ಲಿ, ಹಳೆಯ ಜಾಗದಿಂದ ಆರಡಿ ಸರಿಸಿ, ಮಾಸ್ತರು ಹೊಂಗೆ ಸಸಿ ನೆಟ್ಟರು. ಊರುಗೋಲಿಗೆ ಅಮ್ಮಾರ ಹಳೆ ಸೀರೆಯ ಅಂಚು ಹರಿದು ಎಂಟರ ಆಕಾರದಲ್ಲಿ ಸಡಿಲಾಗಿ ಕಟ್ಟಿದ್ದೇನೆ. ಮೊನ್ನೆ ಹೋದಾಗ ಗಾಳಿಗೆ ಸಸಿ ಬಾಗುತ್ತಿತ್ತು. ಮಾಸ್ತರು ಕಟ್ಟು ಬಿಗಿ ಮಾಡಲು ಹೊರಟಿದ್ದರು. ಬ್ಯಾಡ್ರಿ ಸರ, ಅಲುಗಾಡಿದಷ್ಟೂ ಬುಡ ದಪ್ಪ ಆಗ್ತದ, ವರ್ಷ ತುಂಬಿದ ಮ್ಯಾಲ ಕೋಲೂ ತೆಗೆಯೋಣ ಎಂದೆ. "ಖರೇನ?" ಎಂದು ಅವರು ಸಸಿಯ ಕಾಂಡವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಸೀರೆಯ ಅಂಚನ್ನು ಹಾಗೆಯೇ ಬಿಟ್ಟರು.