ಒಂದು ಗಂಟೆಯ ಮಂಗಳೂರಿಗೆ ಐದೂವರೆ ಗಂಟೆ

ವಿಮಾನದ ಟಿಕೆಟ್‌ನಲ್ಲಿ ಇದ್ದದ್ದು ಬೆಳಗ್ಗೆ 9ಕ್ಕೆ ಬೆಂಗಳೂರು, 10.05ಕ್ಕೆ ಮಂಗಳೂರು. ನಾನು ಬಸವನಗುಡಿಯ ಮನೆಗೆ ಬೀಗ ಹಾಕಿದ್ದು ಐದೂ ಮುಕ್ಕಾಲಿಗೆ. ಮಂಗಳೂರು ಪೇಟೆಯ ಹಂಪನಕಟ್ಟೆಯಲ್ಲಿ ಟ್ಯಾಕ್ಸಿ ಇಳಿದಾಗ ಹನ್ನೊಂದೂ ಕಾಲು. ನೀವೇ ಲೆಕ್ಕ ಹಾಕಿ.

ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಯಿಂದ ಮಂಗಳೂರಿನದು ಇರುವ ಬಜ್ಪೆಗೆ ನೇರ ಗೆರೆ ಎಳೆದರೆ ಸುಮಾರು 305 ಕಿಲೋಮೀಟರ್, ಅಷ್ಟೇ. ಬೆಂಗಳೂರು ಪೇಟೆಯಿಂದ ಶಿರಾಡಿ ಘಾಟಿ ರಸ್ತೆಯಲ್ಲಿ ಹೋದರೆ 350ರ ಆಸುಪಾಸು. ಆಕಾಶದಲ್ಲಿ ಇರುವುದು ಸುಮಾರು ಮುಕ್ಕಾಲು ಗಂಟೆ. ಉಳಿದದ್ದೆಲ್ಲ ವಿಮಾನ ನೆಲದ ಮೇಲೆ ಉರುಳುವುದಕ್ಕೆ, ಸರದಿಗೆ ಕಾಯುವುದಕ್ಕೆ. ಕಾಫಿ ಕೇಳೋಣ ಅಂದುಕೊಳ್ಳುವಷ್ಟರಲ್ಲಿ ಬೆಲ್ಟ್ ಹಾಕಿ ಅನ್ನುತ್ತಾರೆ.

ಬುಕ್ ಮಾಡುವಾಗ ಯಾವ ವಿಮಾನ ಅಂತ ಒಮ್ಮೆ ನೋಡಿ. ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಎಟಿಆರ್ ಆದರೆ ಜೆಟ್‌ಗಿಂತ ನಿಧಾನ, ಹತ್ತು ಹದಿನೈದು ನಿಮಿಷ ಜಾಸ್ತಿ. ತಲೆ ಮೇಲಿನ ಲಗೇಜ್ ಜಾಗವೂ ಸಣ್ಣದು. ಹತ್ತುವುದು ಹಿಂದಿನ ಬಾಗಿಲಿನಿಂದ, ಹಾಗಾಗಿ ಬೇಗ ಇಳಿಯಬೇಕಾದವರು ಹಿಂದಿನ ಸೀಟು ಹಿಡಿಯಿರಿ. ಎಟಿಆರ್ ಕೆಳಗೆ ಹಾರುತ್ತದೆ ಅನ್ನುವ ಕಾರಣಕ್ಕೇ ನನಗೆ ಅದು ಇಷ್ಟ. ಘಟ್ಟದ ಕಾಡು ಚೆನ್ನಾಗಿ ಕಾಣುತ್ತದೆ.

ಬಜ್ಪೆ ಗುಡ್ಡದ ತಲೆ ಕಡಿದು ಮಾಡಿದ ನಿಲ್ದಾಣ. ದೊಡ್ಡ ರನ್‌ವೇ 2,450 ಮೀಟರ್, ತುದಿಯಲ್ಲಿ ನೆಲ ಥಟ್ಟನೆ ಕೆಳಗಿಳಿಯುತ್ತದೆ. ವಿಮಾನ ರನ್‌ವೇ ದಾಟಿ ಕೆಳಗೆ ಬಿದ್ದ 2010ರ ಮೇ 22ರ ದುರಂತ ನಮ್ಮ ಕಡೆಯವರು ಯಾರೂ ಮರೆತಿಲ್ಲ. ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿದ್ದರೆ ವಿಮಾನ ಘಟ್ಟ ದಾಟಿ ಸೀದಾ ಇಳಿಯುತ್ತದೆ. ಇಲ್ಲದಿದ್ದರೆ ಸಮುದ್ರದ ಮೇಲೆ ಹೋಗಿ ತಿರುಗಿ ಬರಬೇಕು. ನಮ್ಮದು ಹಾಗೇ ತಿರುಗಿತು. ಕಿಟಕಿಯಲ್ಲಿ ಮೊದಲು ನೀರು, ಆಮೇಲೆ ತೆಂಗಿನ ತೋಟ, ಕೆಂಪು ಹೆಂಚು, ಮತ್ತೆ ತಟ್ಟನೆ ನೆಲ. ಪಕ್ಕದ ಸೀಟಿನ ಅಜ್ಜಿ ಅಲ್ಲಿಯವರೆಗೂ ಕಣ್ಣು ಮುಚ್ಚಿಕೊಂಡೇ ಇದ್ದರು.

ಜೂನ್, ಜುಲೈನಲ್ಲಿ ಹೋಗುವವರು ಅದೇ ದಿನ ಮದುವೆ, ಇಂಟರ್‌ವ್ಯೂ ಇಟ್ಟುಕೊಳ್ಳಬೇಡಿ. ಮಳೆ, ಮೋಡ ಕವಿದು ರನ್‌ವೇ ಕಾಣದಿದ್ದರೆ ಮೇಲೆ ಸುತ್ತು ಹೊಡೆದು ವಾಪಸ್ ಬೆಂಗಳೂರಿಗೋ ಕೊಚ್ಚಿಗೋ ಹೋಗುವುದುಂಟು. ಅದೇ ಮಳೆಗೆ ಶಿರಾಡಿಯಲ್ಲೂ ಗುಡ್ಡ ಕುಸಿಯುತ್ತದೆ, ಆ ಮಾತು ಬೇರೆ.

ಬೆಂಗಳೂರಿನಲ್ಲಿ ಟರ್ಮಿನಲ್ ಒಂದೋ ಎರಡೋ ಅಂತ ಮನೆ ಬಿಡುವ ಮೊದಲೇ ನೋಡಿಕೊಳ್ಳಿ. ದಕ್ಷಿಣ ಬೆಂಗಳೂರಿನವರು ಹೆಬ್ಬಾಳದ ಜಾಮ್‌ಗೆ ಅರ್ಧ ಗಂಟೆ ಸೇರಿಸಿಕೊಳ್ಳಿ. ಒಬ್ಬರೇ ಆದರೆ ವಾಯುವಜ್ರ ಬಸ್ಸೇ ಸಾಕು, ಕ್ಯಾಬ್ ದುಡ್ಡು ಸುಮ್ನೆ ದಂಡ. ಆ ಕಡೆ ಕಟೀಲಿಗೆ ಹೋಗುವವರು ಮಂಗಳೂರು ಪೇಟೆಗೆ ಇಳಿಯುವುದೇ ಬೇಡ, ಬಜ್ಪೆಯಿಂದಲೇ ಹತ್ತಿರ.

ನನ್ನ ಕೇಳಿದರೆ, ಬೆಳಗ್ಗೆ ಹೋಗಿ ಸಂಜೆ ಬರಬೇಕಾದವರಿಗೆ ವಿಮಾನ. ಉಳಿದವರಿಗೆ ರಾತ್ರಿ ಬಸ್ಸು. ಎಂಟು ಗಂಟೆ ನಿಜ, ಆದರೆ ನಿದ್ದೆಯಲ್ಲೇ ಕಳೆಯುತ್ತದಲ್ವಾ?

ವಾಪಸ್ ಬರುವಾಗ ಅತ್ತೆ ಎರಡು ಕಿಲೋ ಕೊಬ್ಬರಿ ಕಟ್ಟಿಕೊಟ್ಟಿದ್ದರು. ಎಣ್ಣೆ ಇರುವುದರಿಂದ ಬೇಗ ಬೆಂಕಿ ಹತ್ತುತ್ತದೆ ಅಂತ ಅದನ್ನು ವಿಮಾನಕ್ಕೆ ಬಿಡುವುದಿಲ್ಲ. ನನಗೆ ಗೊತ್ತಿರಲಿಲ್ಲ. ಬಿಡಲು ಬಂದಿದ್ದ ಭಾವ ಇನ್ನೂ ಹೊರಗೇ ಇದ್ದರು, ಅವರ ಕೈಗೆ ಕೊಟ್ಟೆ. ಮುಂದಿನ ವಾರ ಅದು ರಾತ್ರಿ ಬಸ್ಸಿನಲ್ಲಿ ಬಂತು.